ಕೂರಲೊಲ್ಲದ ಗಂಡು, ಕೇಳದೆ ಕೊಡದ ಕಾಶಮ್ಮ

ಶಿವಮೊಗ್ಗದ ಹೊಸಮನೆಯಲ್ಲಿ ಕಾಶಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಹಾಲಿನ ಬೂತಿನವನೂ ತೋರಿಸುತ್ತಾನೆ, ಇಸ್ತ್ರಿ ಅಂಗಡಿಯವನೂ ತೋರಿಸುತ್ತಾನೆ. ಯಾಕೆ ಹೋಗುತ್ತಿದ್ದೀರಿ ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ. ಕೇಳಿದರೆ ಆ ಮನುಷ್ಯ ಪಾಪ ಏನೆಂದು ಹೇಳಿಯಾನು! ಕಾಶಮ್ಮ ಔಷಧಿ ಕೊಡುವುದು ಮೂಲವ್ಯಾಧಿಗೆ. ಜ್ವರ ಬಂದವರು ಊರಿಗೆಲ್ಲ ಸಾರುತ್ತಾರೆ, ಸಕ್ಕರೆ ಕಾಯಿಲೆಯವರು ಮದುವೆ ಮನೆಯಲ್ಲಿ ಹೋಳಿಗೆ ಬೇಡವೆನ್ನುತ್ತಲೇ ಹೇಳಿಕೊಳ್ಳುತ್ತಾರೆ. ಈ ಕಾಯಿಲೆಯವರು ಹೆಂಡತಿಗೂ ಹೇಳುವುದಿಲ್ಲ.

ಅವಳ ಮನೆಯ ಮುಂದೆ ಒಂದು ಸಿಮೆಂಟಿನ ಕಟ್ಟೆ ಇದೆ, ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಬೆಳಿಗ್ಗೆ ಆರೂವರೆಯಿಂದ ಒಬ್ಬೊಬ್ಬರೇ ಬರುತ್ತಾರೆ. ಬಂದವರ ಬಾಯಿ ಮಾತಾಡುವ ಮುಂಚೆ ಸೊಂಟ ಮಾತಾಡುತ್ತದೆ ಎಂಬುದು ಕಾಶಮ್ಮನಿಗೆ ಗೊತ್ತು. ಒಬ್ಬರು ಕಟ್ಟೆಯ ತುದಿಗೆ ಒಂದೇ ತೊಡೆ ಊರಿ ಕೂರುತ್ತಾರೆ. ಒಬ್ಬರು ಕುರ್ಚಿ ಎಳೆದುಕೊಂಡು, ಅದರ ಬೆನ್ನು ಹಿಡಿದು ನಿಂತೇ ಇರುತ್ತಾರೆ. "ಸ್ವಲ್ಪ ಉಷ್ಣ ಆಗಿದೆ ಅಮ್ಮ" ಎನ್ನುವವರೇ ಹೆಚ್ಚು. ಇನ್ನು ಕೆಲವರು ಸ್ನೇಹಿತನಿಗೆ ಎಂದು ಕೇಳುತ್ತಾರೆ. ಒಬ್ಬ ಮೇಷ್ಟ್ರಂತೂ, ಹೆಸರು ಬೇಡ, ಮೂರು ದಿನ ಸ್ನೇಹಿತನ ಕಥೆ ಹೇಳಿ, ನಾಲ್ಕನೇ ದಿನ ಕಾಶಮ್ಮ ಲೋಟ ಕೈಗಿಟ್ಟ ಕೂಡಲೇ ಅಲ್ಲೇ ನಿಂತು ಗಟಗಟ ಕುಡಿದು, "ಅಯ್ಯೋ!" ಎಂದು ಮೀಸೆ ಒರೆಸಿಕೊಂಡರು.

"ಇರ್ಲಿ ಬಿಡಿ ಮೇಷ್ಟ್ರೇ. ನಿಮ್ಮ ಸ್ನೇಹಿತನಿಗೆ ವಾಸಿಯಾಗುತ್ತೆ" ಎಂದಳು ಕಾಶಮ್ಮ, ನಗು ಹೊರಗೆ ಬರದ ಹಾಗೆ ಸೆರಗು ಬಾಯಿಗೆ ಹಿಡಿದು.

ಅವಳ ಔಷಧಿಯಲ್ಲಿ ಮಾಯಮಂತ್ರ ಏನೂ ಇಲ್ಲ. ನವುಲೆಯ ಕಡೆ ಗದ್ದೆಯ ಬದುವಿನಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಸೊಪ್ಪನ್ನು ಬೇರು ಸಮೇತ ಕಿತ್ತು ತಂದು, ಮೂರು ನೀರಿನಲ್ಲಿ ತೊಳೆದು, ಒರಳಲ್ಲಿ ನುಣ್ಣಗೆ ಅರೆದು, ಹುಳಿಯಾಗದ ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾಳೆ. ಬರಿಹೊಟ್ಟೆಯಲ್ಲಿ ಏಳು ಬೆಳಗು. ರಾತ್ರಿ ಮಲಗುವಾಗ ಅಳಲೆಕಾಯಿ ಪುಡಿ ಒಂದು ಚಮಚ, ಬಿಸಿನೀರಲ್ಲಿ. ಬೆಳಿಗ್ಗೆ ಸಂಜೆ ಅಗಲವಾದ ಬೇಸಿನ್ನಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿಕೊಂಡು ಹತ್ತು ನಿಮಿಷ ಕೂರಬೇಕು. ಇಷ್ಟು ಹೇಳಿದ ಮೇಲೆ ಪಥ್ಯ. ಮೆಣಸಿನಕಾಯಿ ಬಜ್ಜಿ ಮುಟ್ಟಬಾರದು, ಖಾರ ಮಂಡಕ್ಕಿ ಕಡೆ ತಲೆ ಹಾಕಬಾರದು, ದಿನಕ್ಕೆ ಎರಡು ದೊಡ್ಡ ಚೊಂಬು ನೀರು ಕುಡಿಯಬೇಕು, ಕಕ್ಕಸಿನಲ್ಲಿ ಕೂತು ತಿಣುಕಬಾರದು, ಮೊಬೈಲು ಹಿಡಿದುಕೊಂಡು ಅಲ್ಲಿಗೆ ಹೋಗಬಾರದು. ಈ ಕೊನೆಯದನ್ನು ಅವಳೇ ಈಚೆಗೆ ಸೇರಿಸಿದ್ದು.

ಯಾರಿಗೆ ತನ್ನ ಸೊಪ್ಪು ಆಗುವುದಿಲ್ಲ ಎಂಬುದೂ ಅವಳಿಗೆ ಗೊತ್ತು. ರಕ್ತ ಕಪ್ಪಗಿದ್ದರೆ, ಮೈ ಇಳಿದು ಹೋಗಿದ್ದರೆ, ಇಷ್ಟು ವರ್ಷ ಇಲ್ಲದ್ದು ವಯಸ್ಸಾದ ಮೇಲೆ ಹೊಸದಾಗಿ ಶುರುವಾಗಿದ್ದರೆ ಅವಳು ಒರಳಿನ ಹತ್ತಿರವೇ ಹೋಗುವುದಿಲ್ಲ. "ಇದು ನನ್ನ ಕೈಗೆ ಮೀರಿದ್ದು. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಬಾಗಿಲಲ್ಲೇ ಹೇಳುತ್ತಾಳೆ. ಹಿಂದಿನ ಬೀದಿಯ ಶೇಷಪ್ಪನವರನ್ನು ಹೀಗೇ ಬೈದು ಕಳಿಸಿದಳು. ಅವರು ಆಪರೇಶನ್ ಮಾಡಿಸಿಕೊಂಡು ಬಂದು ಈಗ ಬೀದಿಗೆಲ್ಲ ತಾವೇ ಹೇಳಿಕೊಂಡು ಓಡಾಡುತ್ತಾರಾದ್ದರಿಂದ ಅವರ ಹೆಸರು ಹೇಳಿದರೆ ತಪ್ಪಿಲ್ಲ.

ಇದನ್ನೆಲ್ಲ ಅವಳಿಗೆ ಕಲಿಸಿದ್ದು ಅತ್ತೆ ಹುಚ್ಚಮ್ಮ. ಸೊಪ್ಪಿನ ಜೊತೆಗೆ ಎರಡು ಕಟ್ಟುಪಾಡುಗಳನ್ನೂ ಕಲಿಸಿದ್ದಳು. ಒಬ್ಬರ ಕಾಯಿಲೆ ಇನ್ನೊಬ್ಬರ ಕಿವಿಗೆ ಬೀಳಬಾರದು. ಬಾಯಿಬಿಟ್ಟು ಕೇಳದವರಿಗೆ ಔಷಧಿ ಕೊಡಬಾರದು. "ಕಂಡರೂ ಕಾಣದ ಹಾಗಿರು. ಕೇಳದೆ ಕೊಟ್ಟರೆ ಅವರ ಗುಟ್ಟನ್ನ ನೀನು ಕದ್ದ ಹಾಗೆ ಆಗುತ್ತೆ" ಎಂದಿದ್ದಳು ಹುಚ್ಚಮ್ಮ. ಕಾಶಮ್ಮ ಈ ಎಪ್ಪತ್ತೆರಡನೇ ವರ್ಷದವರೆಗೂ ಆ ಕಟ್ಟು ಮೀರಿದವಳಲ್ಲ. ಮೀರಿಬಿಡೋಣ ಅನ್ನಿಸಿದ್ದು ಒಂದೇ ಸಲ. ಅದು ಮೊಮ್ಮಗಳು ಸೌಂದರ್ಯಳ ಮದುವೆ ಮಾತುಕತೆಯಲ್ಲಿ.

ಸೌಂದರ್ಯ ಶಂಕರಘಟ್ಟದ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೆಲಸದಲ್ಲಿದ್ದಳು. ಗಂಡು ಭದ್ರಾವತಿಯ ವೀರೇಂದ್ರ. ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್. ಬೆನ್ನಿಗೆ ಕಪ್ಪು ಬ್ಯಾಗು ಹಾಕಿಕೊಂಡು, ಬೈಕಿನಲ್ಲಿ ಶಿವಮೊಗ್ಗ, ತರೀಕೆರೆ, ಚನ್ನಗಿರಿ ಸುತ್ತಿ ಡಾಕ್ಟರುಗಳಿಗೆ ಮಾತ್ರೆಯ ಗುಣಗಾನ ಮಾಡುವ ಕೆಲಸ. ಇಬ್ಬರೂ ತಿಂಗಳಿಂದ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಒಪ್ಪಿಗೆಯಾಗಿತ್ತು. ಇನ್ನು ಹಿರಿಯರ ಶಾಸ್ತ್ರವಷ್ಟೇ ಎಂದು ಎಲ್ಲರೂ ತಿಳಿದಿದ್ದರು.

ಹೆಣ್ಣು ನೋಡಲು ಬಂದ ದಿನ ಕಾಶಮ್ಮನ ಸೊಸೆ ಜಗದಾಂಬಾ ನಡುಮನೆಗೆ ಜಮಖಾನ ಹಾಸಿದ್ದಳು. ಇವರ ಕಡೆ ಒಂದು ಪದ್ಧತಿ ಇದೆ. ಗಂಡಾದವನು ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಹೆಣ್ಣಿನ ಮನೆಯ ಎಲೆಅಡಿಕೆ ತಗೊಂಡರೆ ಮನಸ್ಸಿದೆ ಎಂದರ್ಥ. ಮನಸ್ಸಿಲ್ಲದವನು ಕೂರುವುದಿಲ್ಲ; ಏನೋ ಫೋನು ಬಂತು ಎಂದು ಹೊರಗೆ ನಿಲ್ಲುತ್ತಾನೆ. ಬಾಯಿಬಿಟ್ಟು ಬೇಡವೆಂದು ಹೇಳಿ ಯಾರನ್ನೂ ನೋಯಿಸದಿರಲು ಹಳಬರು ಮಾಡಿಕೊಂಡ ಉಪಾಯ ಅದು.

ವೀರೇಂದ್ರನ ತಂದೆ ಈಶ್ವರಪ್ಪ ಕೂತರು. ತಾಯಿ ಲಿಂಗಮ್ಮ ಕೂತಳು. ವೀರೇಂದ್ರ ಬಾಗಿಲಿಗೆ ಒರಗಿದ.

"ಬನ್ನಿ, ಕೂತ್ಕೊಳ್ಳಿ" ಎಂದ ಕಾಶಮ್ಮನ ಮಗ ಶಿವಯೋಗಿ. ಅವನು ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಮರ್ಯಾದೆಯ ವಿಷಯದಲ್ಲಿ ಬಲು ಬಿಗಿ ಮನುಷ್ಯ.

"ಇರ್ಲಿ ಸಾರ್, ಇಲ್ಲೇ ಗಾಳಿ ಚೆನ್ನಾಗಿದೆ."

ಫ್ಯಾನು ತಿರುಗುತ್ತಿದ್ದದ್ದು ಜಮಖಾನದ ಮೇಲೆ. ಬಾಗಿಲ ಹತ್ತಿರ ಗಾಳಿಯ ಸುಳಿವೇ ಇರಲಿಲ್ಲ. ಲಿಂಗಮ್ಮ ಕಣ್ಣು ಬಿಟ್ಟ ಮೇಲೆ ಅವನು ಬಂದು ಜಮಖಾನದ ಅಂಚಿಗೆ ಎಡತೊಡೆ ಊರಿದ. ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. ಮರುಕ್ಷಣವೇ ಎದ್ದು ಗೋಡೆಯ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದಲು ನಿಂತ. ಅದು ಹೋದ ವರ್ಷದ ಕ್ಯಾಲೆಂಡರು. ತಟ್ಟೆಯಲ್ಲಿ ಬಜ್ಜಿ ಬಂದಾಗ ಕೈಮುಗಿದು ಬೇಡವೆಂದ. ಮಜ್ಜಿಗೆ ಮಾತ್ರ ಎರಡು ಲೋಟ ಕೇಳಿ ಕುಡಿದ.

ಮೂಲೆಯಲ್ಲಿ ಕೂತಿದ್ದ ಕಾಶಮ್ಮನಿಗೆ ಅಷ್ಟೇ ಸಾಕಾಯಿತು. ನಲವತ್ತು ವರ್ಷ ಕಟ್ಟೆಯ ಮೇಲೆ ಕಂಡ ಕೂರುವಿಕೆ ಅದು. ಅಯ್ಯೋ ನನ್ನ ಕಂದ ಎಂದುಕೊಂಡಳು. ಬಾಯಿ ಬಿಡಲಿಲ್ಲ.

ಅವರು ಹೋದ ಮೇಲೆ ಜಗದಾಂಬಾ ಪಾತ್ರೆಗಳನ್ನು ಸದ್ದು ಮಾಡುತ್ತ ಎತ್ತಿದಳು. "ನೋಡಿದ್ರಾ ಅತ್ತೆ? ನಮ್ಮ ಜಮಖಾನದ ಮೇಲೆ ಮುಳ್ಳಿತ್ತೇನೋ!"

"ಹುಡುಗ ನಾಚಿಕೆ ಸ್ವಭಾವದವನು ಕಣೆ."

"ಮಾತ್ರೆ ಮಾರೋನಿಗೆ ನಾಚಿಕೆನಾ? ಚೆನ್ನಾಗಿ ಹೇಳಿದ್ರಿ!"

ಸೌಂದರ್ಯ ಮಾತ್ರ ನಗುತ್ತಿದ್ದಳು. "ಅವರು ಹಾಗೇ ಅಜ್ಜಿ. ಲೈಬ್ರರಿಗೆ ಬಂದಾಗಲೂ ಎರಡು ಗಂಟೆ ನಿಂತ್ಕೊಂಡೇ ಮಾತಾಡಿದ್ರು. ಸುತ್ತ ಎಷ್ಟು ಕುರ್ಚಿ ಇದ್ವು ಗೊತ್ತಾ?"

ಎರಡನೇ ಸಲ ಇವರು ಮನೆ ನೋಡಲು ಭದ್ರಾವತಿಗೆ ಹೋದರು. ಅಲ್ಲಿಯೂ ಅದೇ ಕಥೆ. ಗಂಡು ಕೂರಲಿಲ್ಲ. ತಾನೇ ತಟ್ಟೆ ಹಿಡಿದು ಎಲ್ಲರಿಗೂ ಬಡಿಸುತ್ತ ಓಡಾಡಿದ. ಅದನ್ನಾದರೂ ಸಹಿಸಬಹುದಿತ್ತು. ಮದುವೆಯ ಮಾತು ಬಂದಾಗ, ಛತ್ರ ಬೇಡ, ಹಸೆಮಣೆ ಬೇಡ, ರಿಜಿಸ್ಟ್ರಾರ್ ಆಫೀಸಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿಬಿಡೋಣ ಎಂದು ಹಟ ಹಿಡಿದ. ಲಿಂಗಮ್ಮ ಕಣ್ಣೊರೆಸಿಕೊಂಡಳು. ಶಿವಯೋಗಿ ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟ.

"ಆ ಹುಡುಗನಿಗೆ ಮನಸ್ಸಿಲ್ಲ" ಎಂದ ಮನೆಗೆ ಬಂದು. "ಬೇರೆ ಯಾರೋ ಇರಬೇಕು. ಅಪ್ಪ ಅಮ್ಮನ ಬಲವಂತಕ್ಕೆ ತಲೆ ಆಡಿಸ್ತಿದ್ದಾನೆ. ಭಾನುವಾರ ಎಲೆಅಡಿಕೆ ಶಾಸ್ತ್ರ ಇಟ್ಕೊಂಡಿದ್ದೀವಲ್ಲ, ಬೇಡ ಅಂತ ಈಗಲೇ ಫೋನ್ ಮಾಡ್ತೀನಿ."

ಸೌಂದರ್ಯ ಒಳಗೆ ಹೋಗಿ ಕದ ಹಾಕಿಕೊಂಡಳು. ಅವಳು ಅಳುವಾಗ ಸದ್ದು ಮಾಡುವವಳಲ್ಲ. ಆದರೆ ಕಾಶಮ್ಮನ ಕಿವಿ ಸದ್ದಿಲ್ಲದ್ದನ್ನೂ ಕೇಳುವ ಕಿವಿ.

ಒಂದು ಮಾತು. ಒಂದೇ ಒಂದು ಮಾತು ಹೇಳಿದರೆ ಆಯಿತು. ಅವನಿಗೆ ಮನಸ್ಸಿದೆ ಕಣೋ, ಕೂರಲು ಆಗುತ್ತಿಲ್ಲ ಅಷ್ಟೇ. ಮಾತು ಕಾಶಮ್ಮನ ಹಲ್ಲಿನವರೆಗೂ ಬಂತು. ಹಾಗೆ ಹೇಳಿಬಿಟ್ಟರೆ, ಹುಡುಗ ಹೆತ್ತ ತಾಯಿಗೂ ಹೇಳದೆ ಮುಚ್ಚಿಟ್ಟದ್ದನ್ನು ತಾನು ಮಾವನ ಮನೆಯಲ್ಲಿ ಹರವಿದ ಹಾಗೆ. ನಾಳೆ ಆ ಹುಡುಗ ಈ ಮನೆಯ ಹೊಸ್ತಿಲು ಯಾವ ಮುಖದಿಂದ ದಾಟಬೇಕು? ಮಾತನ್ನು ನುಂಗಿಕೊಂಡಳು.

"ಶಿವು, ಭಾನುವಾರದವರೆಗೆ ತಡ್ಕೋ. ಫೋನಿಗೆ ಕೈ ಹಾಕ್ಬೇಡ."

"ಯಾಕವ್ವ? ನಿಂಗೇನಾದ್ರೂ ಗೊತ್ತಾ?"

"ನಂಗೆ ಗೊತ್ತಿರೋದು ನಂದಲ್ಲ. ನಾಲ್ಕು ದಿನ ಕೊಡು, ಅಷ್ಟೇ."

ಗುರುವಾರ ಬೆಳಿಗ್ಗೆ ಕಾಶಮ್ಮ ಆಧಾರ್ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು. ಕೈಚೀಲದಲ್ಲಿ ನಾಲ್ಕು ಬಾಳೆಹಣ್ಣು ಬಿಟ್ಟರೆ ಏನೂ ಇರಲಿಲ್ಲ. ಕೇಳದೆ ಸೊಪ್ಪು ಒಯ್ಯುವ ಹಾಗಿಲ್ಲ. ಕೇಳಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಭದ್ರಾವತಿ ಬರುವ ಹೊತ್ತಿಗೆ ಒಂದು ದಾರಿ ಹೊಳೆಯಿತು. ಬೇರೆಯವರ ಕಾಯಿಲೆ ಹೇಳಬಾರದು ಎಂದಿದ್ದಳೇ ಹೊರತು, ತನ್ನದನ್ನು ಹೇಳಬಾರದು ಎಂದು ಹುಚ್ಚಮ್ಮ ಎಂದೂ ಹೇಳಿರಲಿಲ್ಲ.

ಹಳೇನಗರದ ಮನೆಯ ಬಾಗಿಲು ತೆಗೆದ ಲಿಂಗಮ್ಮನಿಗೆ ಗಾಬರಿ. "ಬನ್ನಿ ದೊಡ್ಡಮ್ಮ! ಒಬ್ಬರೇ ಬಂದ್ರಾ? ಏನಾದ್ರೂ..."

"ಏನೂ ಇಲ್ಲ ಮಾರಾಯ್ತಿ. ಬಸ್ಸು ಪುಕ್ಕಟೆ, ಕಾಲು ಗಟ್ಟಿ ಇದೆ, ಬಂದೆ. ನೀರು ಕೊಡಿ."

ಮಧ್ಯಾಹ್ನದ ಊಟಕ್ಕೆಂದು ಬಂದಿದ್ದ ವೀರೇಂದ್ರ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ನಿಂತೇ ಅನ್ನ ಮಜ್ಜಿಗೆ ಉಣ್ಣುತ್ತಿದ್ದ. ನಮಸ್ಕಾರ ಎಂದು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿಕೊಂಡ. ಕಾಶಮ್ಮ ಅವನಿಗೆ ಕೇಳಿಸುವಷ್ಟು ದೂರದಲ್ಲಿ ಕಾಲು ಚಾಚಿ ಕೂತಳು. ಮಳೆ, ಬೆಲ್ಲ, ಲಿಂಗಮ್ಮನ ಸೊಂಟನೋವು ಎಲ್ಲ ಆಯಿತು. ಆಮೇಲೆ ಸಲೀಸಾಗಿ ಶುರು ಮಾಡಿದಳು.

"ನಂಗೆ ಹತ್ತೊಂಬತ್ತು ವರ್ಷ, ಶಿವು ಹುಟ್ಟಿ ಎರಡು ತಿಂಗಳು. ಮೂಲವ್ಯಾಧಿ ಆಯ್ತು ನೋಡಿ ಲಿಂಗಮ್ಮ."

ಅಡುಗೆಮನೆಯಲ್ಲಿ ತಟ್ಟೆಯ ಸದ್ದು ನಿಂತಿತು.

"ಕೂರಕ್ಕಿಲ್ಲ, ಏಳಕ್ಕಿಲ್ಲ. ಮಗೂಗೆ ಹಾಲು ಕುಡಿಸೋದು ಗೋಡೆಗೆ ಒರಗಿ ನಿಂತ್ಕೊಂಡೇ. ಯಾರಿಗೆ ಹೇಳ್ಲಿ? ಗಂಡನಿಗೆ ಹೇಳಕ್ಕೆ ನಾಚ್ಕೆ, ಅತ್ತೆ ಅಂದ್ರೆ ಹೆದರಿಕೆ. ಪಂಕ್ತಿಯಲ್ಲಿ ಎಲ್ಲರೂ ಕೂತ್ರೆ ನಾನು ಬಡಿಸ್ತೀನಿ ಅಂತ ಏಳೋಳು. ನನ್ನನ್ನ ಕೆಲಸಗಾತಿ ಸೊಸೆ ಅಂತ ಹೊಗಳಿದ್ದೇ ಹೊಗಳಿದ್ದು! ನನ್ನ ಕಷ್ಟ ನಂಗೆ."

ಲಿಂಗಮ್ಮ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾಗದೆ ಗೊಳ್ಳೆಂದು ನಕ್ಕಳು. "ಅಯ್ಯೋ ದೊಡ್ಡಮ್ಮ, ನಿಮ್ಗೆ ಹೇಳಿದ್ರೆ ಏನು, ಇವನು ಹುಟ್ಟಿದಾಗ ನಂಗೂ ಹಾಗೇ ಆಗಿತ್ತು! ಒಂದು ತಿಂಗಳು ಮಗ್ಗುಲಲ್ಲೇ ಮಲಗಿದ್ದೆ. ಬಾಣಂತನ ಅಂತ ಎಲ್ಲರೂ ಸುಮ್ನಿದ್ರು."

"ಯಾರಿಗಾದ್ರೂ ಹೇಳಿದ್ರಾ?"

"ಯಾರಿಗೆ ಹೇಳೋದು ಮಾರಾಯ್ರೆ! ಇವತ್ತೇ ಮೊದಲು ಬಾಯಿ ಬಿಟ್ಟಿದ್ದು. ನೀವು ಹೇಳಿದ್ರಾ?"

"ಮೂರು ತಿಂಗಳು ತಡ್ಕೊಂಡೆ. ಆಮೇಲೆ ಒಂದು ದಿನ ದನದ ಕೊಟ್ಟಿಗೆಯಲ್ಲಿ ಅತ್ತೆ ಕಾಲು ಹಿಡ್ಕೊಂಡು ಅತ್ತುಬಿಟ್ಟೆ. ಆ ಹೆಂಗಸು ಏನಂದ್ಲು ಗೊತ್ತಾ? ಮೊದಲನೇ ದಿನವೇ ನಂಗೆ ಗೊತ್ತಾಗಿತ್ತು ಕಣೇ, ನೀನು ಕೇಳಲಿ ಅಂತ ದಿನಾ ಬೆಳಿಗ್ಗೆ ಸೊಪ್ಪು ಕಿತ್ತು ಇಟ್ಟಿರ್ತಿದ್ದೆ, ಸಂಜೆ ಎಸೀತಿದ್ದೆ ಅಂದ್ಲು. ತೊಂಬತ್ತು ದಿನ ಸೊಪ್ಪು ಎಸೆದಿದ್ದಾಳೆ ಪುಣ್ಯಾತಗಿತ್ತಿ! ಹತ್ತು ದಿನಕ್ಕೆ ನಾನು ಚಕ್ಕಂಬಕ್ಕಳ ಹಾಕಿ ಕೂತೆ."

ಇಬ್ಬರು ಹೆಂಗಸರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಡುಗೆಮನೆಯಲ್ಲಿ ನಲ್ಲಿ ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ಕಾಶಮ್ಮ ಹೊರಡಲು ಎದ್ದಾಗ, "ಅಜ್ಜಿ, ಬಸ್ ಸ್ಟ್ಯಾಂಡ್‌ವರೆಗೆ ಬಿಡ್ತೀನಿ" ಎಂದು ವೀರೇಂದ್ರ ಬೈಕು ತೆಗೆದ. ತೆಗೆದವನು ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆದ. ಕಾಶಮ್ಮ ಪಕ್ಕದಲ್ಲಿ ನಡೆದಳು. ಭದ್ರಾ ಹೊಳೆಯ ಸೇತುವೆಯ ಮೇಲೆ ಅವನು ಗಾಡಿ ನಿಲ್ಲಿಸಿದ.

"ಅಜ್ಜಿ, ನನ್ನ ಫ್ರೆಂಡ್ ಒಬ್ಬನಿಗೆ..."

"ಅವನೇ ಬರ್ಬೇಕಪ್ಪ. ಫ್ರೆಂಡ್ ಕೈಲಿ ಕಳಿಸಲ್ಲ."

ಅವನು ಗಾಡಿಯನ್ನು ಮತ್ತೆ ನಾಲ್ಕು ಹೆಜ್ಜೆ ತಳ್ಳಿದ. ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಅದರ ಸದ್ದಿನಲ್ಲಿ ಮುಚ್ಚಿಹೋಗಲಿ ಎನ್ನುವ ಹಾಗೆ ಅವನು ಹೇಳಿದ. ಲಾರಿ ಅಷ್ಟರಲ್ಲಿ ದಾಟಿಬಿಟ್ಟಿತ್ತು. ಮಾತು ಗಟ್ಟಿಯಾಗಿಯೇ ಕೇಳಿಸಿತು.

"ನಂಗೇ ಅಜ್ಜಿ! ಔಷಧಿ ಕೊಡಿ!"

ಕಾಶಮ್ಮನಿಗೆ ಆ ಸೇತುವೆಯ ಮೇಲೆಯೇ ಕೋಲಾಟ ಆಡಬೇಕು ಅನ್ನಿಸುವಷ್ಟು ಖುಷಿಯಾಯಿತು. "ಕೊಡ್ತೀನಿ ಕಂದ" ಎಂದಳು. "ಅಲ್ಲ ಮಾರಾಯ, ದಿನಾ ಹತ್ತು ಡಾಕ್ಟರ ಮುಖ ನೋಡ್ತೀಯ. ಒಬ್ಬರ ಹತ್ರನೂ ಹೇಳಕ್ಕಾಗ್ಲಿಲ್ವಾ?"

"ಅದೇ ಅಜ್ಜಿ ಕಷ್ಟ! ಯಾವ ಡಾಕ್ಟರ್ ಹತ್ರ ಹೋದ್ರೂ ಅವರು ನನ್ನ ಕಸ್ಟಮರ್. ಇವತ್ತು ಅವರ ಮುಂದೆ ಪ್ಯಾಂಟ್ ಬಿಚ್ಚಿ, ನಾಳೆ ಟೈ ಕಟ್ಕೊಂಡು ಹೋಗಿ ಮಾತ್ರೆ ಹೇಗೆ ಮಾರ್ಲಿ? ಮೆಡಿಕಲ್ ಶಾಪಲ್ಲಿ ಕೇಳೋಣ ಅಂದ್ರೆ ಅಂಗಡಿಯೋರೆಲ್ಲ ಫ್ರೆಂಡ್ಸು. ನನ್ನ ಬ್ಯಾಗಲ್ಲೇ ಅದಕ್ಕೆ ಮುಲಾಮಿದೆ. ಅದನ್ನ ತೆಗೆದ್ರೆ ಸ್ಯಾಂಪಲ್ ಲೆಕ್ಕ ತಪ್ಪುತ್ತೆ!"

ಕಾಶಮ್ಮ ಸೇತುವೆಯ ಕಂಬಿ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಬೇಕಾದ್ದನ್ನು ಕೇಳಿದಳು. ರಕ್ತ ಕೆಂಪೋ ಕಪ್ಪೋ? ಕೆಂಪು, ಹನಿಹನಿ. ಎಷ್ಟು ದಿನದಿಂದ? ಮೂರು ತಿಂಗಳು. ಮೈ ಇಳಿದಿದೆಯಾ? ಇಲ್ಲ, ಪ್ಯಾಂಟು ಬಿಗಿಯೇ ಆಗಿದೆ. ನೀರು ಎಷ್ಟು ಕುಡೀತೀಯ? ಅದಕ್ಕೆ ಅವನು ತಲೆ ಕೆರೆದುಕೊಂಡ. ಮಧ್ಯಾಹ್ನದ ಊಟ? ಹೆಚ್ಚು ದಿನ ಹೋಟೆಲು, ಇಲ್ಲದಿದ್ದರೆ ಮಂಡಕ್ಕಿ ಮೆಣಸಿನಕಾಯಿ.

"ನಾಳೆ ಆರೂವರೆಗೆ ಹೊಸಮನೆಗೆ ಬಾ. ಬರಿಹೊಟ್ಟೇಲಿ. ಮತ್ತೆ ನೀನು ಮಾತ್ರೆ ಮಾರದ ಊರು ಯಾವುದಾದ್ರೂ ಇದೆಯಾ?"

"ದಾವಣಗೆರೆ. ಅದು ಬೇರೆಯವನ ಏರಿಯಾ."

"ಹಾಗಾದ್ರೆ ಶನಿವಾರ ದಾವಣಗೆರೆಗೆ ಹೋಗಿ ಒಬ್ಬ ಡಾಕ್ಟರಿಗೆ ತೋರಿಸ್ಕೊಂಡು ಬಾ. ನನ್ನ ಸೊಪ್ಪು ಸೊಪ್ಪಿನ ಕೆಲಸ ಮಾಡುತ್ತೆ. ಒಳಗೆ ಬೇರೇನಿಲ್ಲ ಅಂತ ಹೇಳಕ್ಕೆ ಓದಿದೋರೇ ಬೇಕು."

ಅವನು ತಲೆಯಾಡಿಸಿದ. ಬಸ್ ಸ್ಟ್ಯಾಂಡಿನಲ್ಲಿ ಮೆಲ್ಲಗೆ, "ಅಜ್ಜಿ, ಮನೇಲಿ ಯಾರಿಗೂ ಹೇಳ್ಬೇಡಿ. ಸೌಂದರ್ಯಂಗಂತೂ ಬೇಡವೇ ಬೇಡ" ಎಂದ.

"ನಾನು ಹೇಳಲ್ಲ. ಸಾಯೋವರೆಗೂ ಹೇಳಲ್ಲ" ಎಂದಳು ಕಾಶಮ್ಮ. "ಆದ್ರೆ ಒಂದು ಗೊತ್ತಿರ್ಲಿ ನಿಂಗೆ. ನಿಂಗೆ ಮನಸ್ಸಿಲ್ಲ, ಅದಕ್ಕೇ ಕೂರ್ಲಿಲ್ಲ ಅಂತ ನನ್ನ ಮಗ ತಿಳ್ಕೊಂಡಿದ್ದಾನೆ. ಭಾನುವಾರ ಸಂಬಂಧ ಬೇಡ ಅಂತಾನೆ. ಹುಡುಗಿ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಮೂರು ದಿನದಲ್ಲಿ ನಿನ್ನನ್ನ ಜಮಖಾನದ ಮೇಲೆ ಕೂರಿಸೋ ಔಷಧಿ ನನ್ನ ಹತ್ರ ಇಲ್ಲ. ಇಪ್ಪತ್ತು ದಿನ ಬೇಕು. ಮಧ್ಯೆ ಏನು ಮಾಡ್ಬೇಕು ಅನ್ನೋದು ನಿಂಗೆ ಬಿಟ್ಟಿದ್ದು."

ಅವನ ಮುಖದ ಬಣ್ಣ ಇಳಿಯಿತು. ಕೂರದೆ ಇದ್ದದ್ದಕ್ಕೆ ಅಂಥ ಅರ್ಥವಿದೆ ಎಂದು ಅವನಿಗೆ ಈವರೆಗೂ ಹೊಳೆದೇ ಇರಲಿಲ್ಲ.

ಶುಕ್ರವಾರವೂ ಶನಿವಾರವೂ ಅವನು ಬಂದ. ಶಿವಯೋಗಿ ವಾಕಿಂಗ್ ಹೋಗಿರುವ ಹೊತ್ತು ನೋಡಿ, ಹೆಲ್ಮೆಟ್ ತೆಗೆಯದೆ, ಕಟ್ಟೆಯ ಹತ್ತಿರ ನಿಂತು ಸೊಪ್ಪಿನ ಮಜ್ಜಿಗೆ ಕುಡಿದು ಹೋದ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಔಷಧಿ ಕುಡಿದವನು ಈ ನಲವತ್ತು ವರ್ಷದಲ್ಲಿ ಅವನೊಬ್ಬನೇ. ಶನಿವಾರ ಸಂಜೆ ಅವನಿಂದ ಫೋನು ಬಂತು. ದಾವಣಗೆರೆಯ ಡಾಕ್ಟರು ನೋಡಿ, ಹೆದರುವಂಥದ್ದೇನಿಲ್ಲ, ಇನ್ನೂ ಶುರುವಿನ ಹಂತ, ನೀರು ಕುಡಿ, ಸೊಪ್ಪು ತರಕಾರಿ ತಿನ್ನು, ಬಿಸಿನೀರಲ್ಲಿ ಕೂರು ಎಂದಿದ್ದರಂತೆ. "ಅಷ್ಟೊಂದು ಓದಿದೋರೂ ನೀವು ಹೇಳಿದ್ದನ್ನೇ ಹೇಳಿದ್ರು ಅಜ್ಜಿ" ಎಂದು ನಕ್ಕ. ಭಾನುವಾರದ ಬಗ್ಗೆ ಅವನೂ ಮಾತೆತ್ತಲಿಲ್ಲ, ಕಾಶಮ್ಮನೂ ಕೇಳಲಿಲ್ಲ.

ಭಾನುವಾರ ಹತ್ತು ಗಂಟೆಗೆ ಭದ್ರಾವತಿಯವರು ಬಂದರು. ಲಿಂಗಮ್ಮ, ಈಶ್ವರಪ್ಪ, ಜೊತೆಗೆ ನಾಲ್ಕು ಜನ ನೆಂಟರು. ಜಗದಾಂಬಾ ಜಮಖಾನ ಹಾಸಿದಳಾದರೂ ತಟ್ಟೆಯಲ್ಲಿ ಎಲೆಅಡಿಕೆ ಜೋಡಿಸಿರಲಿಲ್ಲ. ಅದನ್ನು ಕಂಡು ಲಿಂಗಮ್ಮನ ಮುಖ ಬಾಡಿತು. ಎಲ್ಲರೂ ಕೂತರು. ವೀರೇಂದ್ರ ನಿಂತ. ಈ ಸಲ ಬಾಗಿಲಿಗೆ ಒರಗಲಿಲ್ಲ, ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಜಮಖಾನದ ಅಂಚಿನಲ್ಲಿ ನೆಟ್ಟಗೆ ನಿಂತ.

ಶಿವಯೋಗಿ ಗಂಟಲು ಸರಿ ಮಾಡಿಕೊಂಡ. "ನೋಡಿ ಈಶ್ವರಪ್ಪನೋರೆ, ಬೇಜಾರು ಮಾಡ್ಕೋಬೇಡಿ. ಹುಡುಗನಿಗೆ ಮನಸ್ಸಿಲ್ದೇ ಇದ್ದಾಗ..."

"ಮನಸ್ಸಿದೆ ಸಾರ್" ಎಂದ ವೀರೇಂದ್ರ.

"ಇದ್ದಿದ್ರೆ ಕೂರ್ತಿದ್ರಿ."

"ಕೂರಕ್ಕೆ ಆಗ್ತಿಲ್ಲ ಸಾರ್. ನಂಗೆ ಮೂಲವ್ಯಾಧಿ."

ಈಶ್ವರಪ್ಪ ಮಗನ ಪ್ಯಾಂಟು ಹಿಡಿದು ಜಗ್ಗಿದರು. "ಲೋ! ಸುಮ್ನಿರೋ! ನೆಂಟರ ಮುಂದೆ..."

"ಇಲ್ಲಪ್ಪ, ಹೇಳ್ತೀನಿ. ಮೂರು ತಿಂಗಳಿಂದ ನಿಂತೇ ಇದ್ದೀನಿ. ಹಸೆಮಣೆ ಮೇಲೆ ನಾಲ್ಕು ಗಂಟೆ ಹೇಗೆ ಕೂರ್ಲಿ ಅಂತ ಹೆದರಿ ರಿಜಿಸ್ಟರ್ ಮದುವೆ ಅಂದೆ. ಬೇರೆ ಯಾರೂ ಇಲ್ಲ, ಬೇರೆ ಏನೂ ಇಲ್ಲ. ಇಪ್ಪತ್ತು ದಿನದಲ್ಲಿ ವಾಸಿಯಾಗುತ್ತೆ ಅಂತ ಅಜ್ಜಿ ಹೇಳಿದ್ದಾರೆ. ಕಾಯ್ತೀರಿ ಅಂದ್ರೆ ಛತ್ರದಲ್ಲೇ ಆಗ್ಲಿ. ದಿನವೆಲ್ಲಾ ಕೂರ್ತೀನಿ."

ಎಲ್ಲರೂ ಕಾಶಮ್ಮನ ಕಡೆ ತಿರುಗಿದರು. ಅವಳು ಸೆರಗಿನ ನೂಲು ಎಳೆಯುತ್ತ ಯಾರನ್ನೂ ನೋಡಲಿಲ್ಲ. ಹೆಮ್ಮೆಯಿಂದ ಅವಳ ಕಿವಿಯ ಓಲೆ ಕೂಡ ಅಲುಗುತ್ತಿತ್ತು.

ಶಿವಯೋಗಿ ಜಮಖಾನದ ಗೆರೆ ನೋಡಿದ. ಆಮೇಲೆ ಕೂತಲ್ಲೇ ಸರಿದಾಡಿದ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಕೊನೆಗೆ ಬಲು ಸಣ್ಣ ದನಿಯಲ್ಲಿ, "ನಂಗೂ ಇದೆ" ಎಂದ.

"ಏನ್ರೀ?" ಎಂದಳು ಜಗದಾಂಬಾ.

"ಅದೇ ಕಣೆ. ಎಂಟು ವರ್ಷ ಆಯ್ತು."

"ಅದಕ್ಕೇನಾ ಸ್ಕೂಟರ್ ಸೀಟಿಗೆ ಎರಡು ಟವೆಲ್ಲು! ಬಿಸಿಲಿಗೆ ಸೀಟು ಸುಡುತ್ತೆ ಅಂತ ಮಳೆಗಾಲದಲ್ಲೂ ಹೇಳ್ತಿದ್ರಲ್ರೀ!"

ನೆಂಟರಲ್ಲಿ ಯಾರೋ ಕಿಸಕ್ಕೆಂದರು. ಶಿವಯೋಗಿ ತಾಯಿಯ ಕಡೆ ನೋಡಿದ. "ಅವ್ವ, ನಿಂಗೆ ಹೇಳ್ಬೇಕು ಹೇಳ್ಬೇಕು ಅಂತ... ಹೆತ್ತ ತಾಯಿ ಹತ್ರ ಹೇಗೆ ಹೇಳೋದು? ಊರೋರೆಲ್ಲ ನಿನ್ನ ಕಟ್ಟೆಗೆ ಬಂದ್ರು, ನಾನು ಮನೆ ಒಳಗಿದ್ದೂ ಬರ್ಲಿಲ್ಲ."

"ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು ಕಾಶಮ್ಮ. "ಎಂಟು ವರ್ಷದಿಂದ ಕಾಯ್ತಿದ್ದೀನಿ ಮಾರಾಯ, ಯಾವತ್ತು ಕೇಳ್ತೀಯ ಅಂತ. ಕೇಳದೆ ಕೊಡಂಗಿಲ್ಲ. ಅದಕ್ಕೇ ಅಡುಗೇಲಿ ಸೇರಿಸ್ತಾ ಬಂದೆ. ವಾರಕ್ಕೆ ಎರಡು ಸಲ ಸುವರ್ಣಗಡ್ಡೆ ಪಲ್ಯ, ದಿನಾ ಬಾಳೆದಿಂಡಿನ ಮಜ್ಜಿಗೆ. ಇನ್ನೇನು ನಿನ್ನ ನಾಲಗೆ ರುಚಿಗೆ ಮಾಡ್ತಿದ್ದೆ ಅಂದ್ಕೊಂಡ್ಯಾ?"

"ಅಯ್ಯೋ ಶಿವನೇ! ಸುವರ್ಣಗಡ್ಡೆ ಹೆಚ್ಚಿ ಹೆಚ್ಚಿ ನನ್ನ ಕೈಯೆಲ್ಲ ನವೆ!" ಎಂದು ಜಗದಾಂಬಾ ಹಣೆ ಚಚ್ಚಿಕೊಂಡಳು. ಆಗ ತಡೆದಿಟ್ಟಿದ್ದ ನಗುವೆಲ್ಲ ಒಟ್ಟಿಗೆ ಒಡೆಯಿತು. ಲಿಂಗಮ್ಮ ನಕ್ಕಳು, ಈಶ್ವರಪ್ಪ ನಕ್ಕರು, ನೆಂಟರೊಬ್ಬರು ನಗುತ್ತಾ ನಗುತ್ತಾ ಮೆಲ್ಲಗೆ ಒಂದೇ ತೊಡೆಗೆ ವಾಲಿದ್ದನ್ನು ಕಾಶಮ್ಮ ನೋಡಿಯೂ ನೋಡದ ಹಾಗಿದ್ದಳು.

ಶಿವಯೋಗಿ ಕಣ್ಣೊರೆಸಿಕೊಂಡು ಹೇಳಿದ. "ಎಂಟು ವರ್ಷ ನಾನು ಹೆತ್ತ ತಾಯಿಗೆ ಹೇಳಲಾರದ್ದನ್ನ ಈ ಹುಡುಗ ಹತ್ತು ಜನರ ಮುಂದೆ ಹೇಳಿದ. ನಮ್ಮ ಹುಡುಗಿಯ ಹತ್ರ ಇನ್ನೇನು ಮುಚ್ಚಿಟ್ಟಾನು! ನಂದು ಒಪ್ಪಿಗೆ. ಅವಳನ್ನ ಕೇಳಿ."

ಕೇಳುವ ಮುಂಚೆಯೇ ಸೌಂದರ್ಯ ಒಳಗಿನಿಂದ ಬಂದಳು. ಅತ್ತ ಕಣ್ಣೂ ನಗುವ ಬಾಯಿಯೂ ಒಟ್ಟಿಗೇ ಇದ್ದವು. ಅವಳ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅವಳೇ ಆತುರಾತುರವಾಗಿ ಜೋಡಿಸಿದ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು.

"ಅಪ್ಪಾ, ಇಪ್ಪತ್ತು ದಿನ ಕಾಯೋದು ಮದುವೆಗೆ ಸಾಕು. ಎಲೆಅಡಿಕೆ ಇವತ್ತೇ ಆಗ್ಲಿ" ಎಂದಳು.

"ಕೂರದೆ ಹೇಗಮ್ಮ? ಪದ್ಧತಿ..." ಎಂದರು ಈಶ್ವರಪ್ಪ.

"ಅವರು ಕೂರಕ್ಕಾಗಲ್ಲ ಅಂದ್ರೆ ನಾವು ಏಳೋಣ ಮಾವ. ಅಷ್ಟೇ ಅಲ್ವಾ?"

ಮಾವ ಎಂದಾಗಿಬಿಟ್ಟಿತ್ತು. ಇನ್ನು ಯಾರು ತಕರಾರು ತೆಗೆಯುತ್ತಾರೆ! ಮೊದಲು ಎದ್ದದ್ದು ಶಿವಯೋಗಿ, ಅವನಿಗೂ ಅದೇ ಅನುಕೂಲ. ಆಮೇಲೆ ಲಿಂಗಮ್ಮ, ಈಶ್ವರಪ್ಪ, ನೆಂಟರು. ಜಗದಾಂಬಾ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ನಿಂತಳು. ಹೊಸಮನೆಯ ಆ ನಡುಮನೆಯಲ್ಲಿ ಖಾಲಿ ಜಮಖಾನದ ಸುತ್ತ ಹನ್ನೊಂದು ಜನ ನಿಂತು ಎಲೆಅಡಿಕೆ ಬದಲಾಯಿಸಿಕೊಂಡರು. ಒಬ್ಬರ ತಟ್ಟೆ ಒಬ್ಬರಿಗೆ ತಗಲಿ ಅಡಿಕೆ ಉರುಳಿತು. ಅದನ್ನು ಹೆಕ್ಕಲು ಬಗ್ಗಿದ ವೀರೇಂದ್ರ "ಅಮ್ಮಾ" ಎಂದು ಅಲ್ಲೇ ನಿಂತ. ಸೌಂದರ್ಯ ಬಗ್ಗಿ ಹೆಕ್ಕಿ ಅವನ ಅಂಗೈಗೆ ಇಟ್ಟಳು. ಮದುವೆಯ ದಿನ ಯಾವತ್ತು, ಐನೋರನ್ನು ಯಾರು ಕೇಳಬೇಕು, ಛತ್ರ ಯಾವುದು ಎಂದು ನಿಂತಲ್ಲೇ ಮಾತು ಶುರುವಾಗಿ ಬೆಳೆಯುತ್ತಲೇ ಹೋಯಿತು.

ಕಾಶಮ್ಮ ಗೋಡೆಗೆ ಕೈ ಊರಿ ಒಂದು ಕಾಲು, ಇನ್ನೊಂದು ಕಾಲು ಬದಲಾಯಿಸಿದಳು.

"ಬೇಗ ಮುಗಿಸ್ರಪ್ಪ" ಎಂದಳು. "ನಿಂತು ನಿಂತು ನನ್ನ ಮಂಡಿ ಹಿಡ್ಕೊಂತು. ಅದಕ್ಕೆ ನನ್ನ ಹತ್ರ ಸೊಪ್ಪಿಲ್ಲ."